ಮೂರೋ ಎಂಟೋ

ಹೋದ ವಾರ ನನಗೆ ಮೇಲ್‌ನಲ್ಲಿ ಒಂದು ಫೈಲು ಬಂತು. ಕೊರಟಗೆರೆಯಲ್ಲಿ ಮನೆಯಲ್ಲೇ ಕೂತು ಸಿನಿಮಾ ಸ್ಟುಡಿಯೋಗಳಿಗೆ ಗ್ರಾಫಿಕ್ಸ್ ಕೆಲಸ ಮಾಡಿಕೊಡುವವಳು ನಾನು. ಅಂಥ ಒಂದು ಸ್ಟುಡಿಯೋದವರು, ‘ಇದು ಹಳೆಯ ಸ್ಕ್ರಿಪ್ಟು, ಹೊಸ ಸಾಫ್ಟ್‌ವೇರಿನಲ್ಲಿ ಓಡುತ್ತಿಲ್ಲ, ಯಾರು ಬರೆದದ್ದೋ ಗೊತ್ತಿಲ್ಲ, ಸರಿ ಮಾಡಿಕೊಡಿ’ ಎಂದು ಬರೆದಿದ್ದರು. ಐದು ನಿಮಿಷದ ಕೆಲಸ. ತೆರೆದು ನೋಡಿದೆ. ಕಂಪ್ಯೂಟರಿಗೆಂದು ಬರೆದ ಇಂಗ್ಲಿಷಿನ ಆಜ್ಞೆಗಳ ನಡುವೆ ಒಂದು ಸಾಲು ಕನ್ನಡದಲ್ಲಿತ್ತು. ಕಂಪ್ಯೂಟರು ಓದದೆ ದಾಟಿಹೋಗುವ, ಮನುಷ್ಯರಿಗಾಗಿ ಮಾತ್ರ ಬರೆದಿಡುವ ಟಿಪ್ಪಣಿ ಅದು.

‘ಇಲ್ಲಿ ಊಹೆ ಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆ.’

ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಬಂದು ಕೂತೆ. ಮತ್ತೆ ಎದ್ದೆ. ಆ ಸಾಲು ಬರೆದ ಕೈ ಯಾವುದು ಎಂದು ಈಗ ಆ ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಿಲ್ಲ. ಯಾರ್ಯಾರ ಪೆನ್‌ಡ್ರೈವಿನಿಂದ ಎಲ್ಲೆಲ್ಲಿಗೆ ಹೋಗಿ, ಎಷ್ಟು ಕಂಪ್ಯೂಟರು ದಾಟಿ ನನ್ನ ಹತ್ತಿರಕ್ಕೇ ಬಂತೋ... ನನಗೆ ಮಾತ್ರ ಗೊತ್ತು. ಅದು ನಮ್ಮ ಮೇಡಂ ಬರೆದದ್ದು. ಆ ಸಾಲನ್ನು ಒಮ್ಮೆ ನಾನು ಕಿತ್ತುಹಾಕಿದ್ದೆ. ಒಂದೇ ಒಂದು ಸಲ.

ಮೇಡಂ ಮಧುಗಿರಿಯಲ್ಲಿ ಹೈಸ್ಕೂಲಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಗಂಟಲು ಕೆಟ್ಟು, ಜೋರಾಗಿ ಮಾತಾಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಪಾಠ ಬಿಟ್ಟರು. ಅವರ ತಮ್ಮ ಯಾವುದೋ ಸಿನಿಮಾ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುತ್ತಿದ್ದ. ಕೂತಲ್ಲೇ ಮಾಡಬಹುದಾದ, ಬಾಯಿ ಬೇಡದ ಕೆಲಸ ಎಂದು ಅವನೇ ಅಕ್ಕನಿಗೆ ಇದನ್ನು ಹಚ್ಚಿಸಿದನಂತೆ. ನಾನು ಸೇರುವ ಹೊತ್ತಿಗೆ ಇಸ್ತ್ರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆರು ಕಂಪ್ಯೂಟರು, ಐದು ಜನ ಹುಡುಗಿಯರು ಇದ್ದರು. ಮೆಟ್ಟಿಲು ಹತ್ತುವಾಗ ಇದ್ದಿಲ ಕಾವು ಕಾಲಿಗೆ ತಾಕುತ್ತಿತ್ತು. ನಾನು ಚನ್ನರಾಯನದುರ್ಗದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲಿದ್ದವಳು. ಏನು ಕೆಲಸ ಎಂದು ಊರಲ್ಲಿ ಯಾರಾದರೂ ಕೇಳಿದರೆ ‘ಸಿನಿಮಾದ್ದು’ ಎನ್ನುತ್ತಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ನಾವು ಮಾಡುತ್ತಿದ್ದ ಕೆಲಸಕ್ಕೆ ಟ್ರ್ಯಾಕಿಂಗ್ ಎನ್ನುತ್ತಾರೆ. ಚಿತ್ರೀಕರಣ ಮಾಡುವಾಗ ಕ್ಯಾಮೆರಾ ಅಲ್ಲಾಡುತ್ತದೆ. ಅಲ್ಲಾಡುವ ಗೋಡೆಯ ಮೇಲೆ ಇಲ್ಲದ ಬೋರ್ಡೊಂದನ್ನು ಆಮೇಲೆ ಅಂಟಿಸಬೇಕೆಂದರೆ, ಗೋಡೆ ಎತ್ತ ಸರಿಯುತ್ತದೋ ಬೋರ್ಡೂ ಅತ್ತಲೇ ಸರಿಯಬೇಕು. ಅದಕ್ಕೆ ಗೋಡೆಯ ಮೇಲಿನ ಬಿರುಕನ್ನೋ ಮೊಳೆಯನ್ನೋ ಗುರುತಿಟ್ಟುಕೊಂಡು, ಅದು ಒಂದೊಂದು ಫ್ರೇಮಿನಲ್ಲೂ ಎಲ್ಲಿದೆ ಎಂದು ಹಿಂಬಾಲಿಸಬೇಕು. ಸಾಫ್ಟ್‌ವೇರು ತಾನೇ ಹಿಂಬಾಲಿಸುತ್ತದೆ, ಆದರೆ ನಡುವೆ ಎಲ್ಲೋ ಬಿರುಕು ಬಿಟ್ಟು ನೆರಳಿನ ಹಿಂದೆ ಹೊರಟುಬಿಡುತ್ತದೆ. ಅದಕ್ಕೆ ನಾವು ‘ಜಾರಿತು’ ಅನ್ನುತ್ತಿದ್ದೆವು. ಜಾರಿದ್ದನ್ನು ಹುಡುಕಿ ಕೈಯಿಂದ ಸರಿಮಾಡುವುದರಲ್ಲೇ ದಿನ ಹೋಗುತ್ತಿತ್ತು.

ಮೇಡಂಗೆ ಅದು ಹಿಡಿಸಲಿಲ್ಲ. ಸಾಫ್ಟ್‌ವೇರಿನ ಒಳಗೇ ನಾವು ನಮ್ಮ ಆಜ್ಞೆಗಳನ್ನು ಬರೆದು ಸೇರಿಸಬಹುದು ಎಂದು ಗೊತ್ತಾದ ಮೇಲೆ, ಐವತ್ತರ ಹತ್ತಿರದ ಆ ಹೆಂಗಸು ಪ್ರೋಗ್ರಾಮಿಂಗ್ ಕಲಿತರು. ಚೌಕಳಿ ನೋಟ್‌ಬುಕ್ಕಿನಲ್ಲಿ ಮೊದಲು ಪೆನ್ಸಿಲಿನಿಂದ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುವರು. ಹಾಗೆ ಹುಟ್ಟಿದ ಸ್ಕ್ರಿಪ್ಟಿಗೆ ‘ಜರಡಿ’ ಎಂದು ಹೆಸರಿಟ್ಟಿದ್ದರು. ಅದು ಒಂದು ಗುರುತಿನ ಬದಲು ಐವತ್ತು ಗುರುತು ಹಿಡಿಯುತ್ತಿತ್ತು. ಎಲ್ಲವನ್ನೂ ಮೊದಲ ಫ್ರೇಮಿನಿಂದ ಕೊನೆಯವರೆಗೆ ಓಡಿಸಿ, ಕೊನೆಯಿಂದ ಮತ್ತೆ ಮೊದಲಿಗೆ ಓಡಿಸುತ್ತಿತ್ತು.

“ಹೋದ್ ದಾರೀಲೆ ವಾಪಸ್ ಬಂದು ಹೊರಟ್ ಜಾಗಕ್ಕೇ ನಿಂತ್ರೆ ನಂಬು,” ಎಂದು ಸಣ್ಣ ದನಿಯಲ್ಲಿ ವಿವರಿಸಿದ್ದರು. “ಬೇರೆಲ್ಲೋ ಹೋಗಿ ನಿಂತ್ರೆ ಅದು ದಾರೀಲಿ ಎಲ್ಲೋ ಜಾರೈತೆ ಅಂತ. ಕಿತ್ತಾಕು.”

ಆ ಕಿತ್ತುಹಾಕುವ ಭಾಗದ ಮೇಲೆಯೇ ಆ ಕನ್ನಡದ ಸಾಲಿದ್ದದ್ದು. ಕನ್ನಡ ಅಕ್ಷರವಿದ್ದರೆ ಆಗಿನ ಸಾಫ್ಟ್‌ವೇರು ತಕರಾರು ತೆಗೆಯುತ್ತಿತ್ತು. ಅದನ್ನು ಒಪ್ಪಿಸಲೆಂದು ಫೈಲಿನ ನೆತ್ತಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕಿತ್ತು. ಇಂಗ್ಲಿಷಿನಲ್ಲೇ ಬರೆದರೆ ಆಗೋಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, “ಓದೋರು ನೀವು ತಾನೆ?” ಎಂದಿದ್ದರು.

ನಾನು ಅವರಲ್ಲಿಗೆ ಸೇರಿ ಎರಡನೇ ವರ್ಷ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಪಾವಗಡದಾಚೆ ತಿರುಮಣಿ ಕಡೆಯ ನನ್ನ ಚಿಕ್ಕಪ್ಪ ಆ ಮೆಟ್ಟಿಲು ಹತ್ತಿ ಬಂದರು.

ಅವರು ನನ್ನಮ್ಮನ ಚಿಕ್ಕಮ್ಮನ ಮಗಳ ಗಂಡ. ಆ ಮಗಳು, ಅಂದರೆ ನನ್ನ ಚಿಕ್ಕಮ್ಮ, ಸತ್ತು ಆಗ ಹನ್ನೊಂದು ದಿನ ಕಳೆದಿತ್ತಷ್ಟೆ. ಹೊಲವನ್ನು ಸೋಲಾರಿನವರಿಗೆ ಗುತ್ತಿಗೆ ಕೊಟ್ಟ ಮೇಲೆ ಅವಳು ಅಲ್ಲೇ ಫಲಕಗಳ ಕೆಳಗೆ ಹುಲ್ಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಬೇಸಿಗೆ ರಜೆಗಳಲ್ಲಿ ತಲೆಗೆ ಎಣ್ಣೆ ಒತ್ತಿ, ನೋಯುವಷ್ಟು ಬಿಗಿಯಾಗಿ ಜಡೆ ಹಾಕುತ್ತಿದ್ದವಳು. ಕೆಲಸ ಮುಗಿಸಿ ರಸ್ತೆಯಲ್ಲಿ ನಡೆದು ಬರುವಾಗ ಒಂದು ಗೂಡ್ಸ್ ಗಾಡಿ ಗುದ್ದಿ, ನಿಲ್ಲಿಸದೆ ಹೋಗಿತ್ತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಚಿಕ್ಕಪ್ಪನ ಕೈಯಲ್ಲಿ ಫೋನಿತ್ತು. ಗುದ್ದುವುದಕ್ಕೆ ಸ್ವಲ್ಪ ಮುಂಚೆ ಅವಳ ಜೊತೆಯ ಹೆಂಗಸೊಬ್ಬಳು, ಎಲ್ಲರೂ ಒಂದೇ ಬಣ್ಣದ ಕೋಟು ಹಾಕಿಕೊಂಡಿದ್ದೇವೆ ಎಂಬ ಸಂಭ್ರಮಕ್ಕೆ ತೆಗೆದ ವಿಡಿಯೋ ಅದು. ಮುಂದೆ ಚಿಕ್ಕಮ್ಮ ಸೆರಗನ್ನು ಬಾಯಿಗಡ್ಡ ಹಿಡಿದು ನಗುತ್ತಿದ್ದಾಳೆ. ಅವಳ ಹೆಗಲ ಹಿಂದೆ, ದೂರದ ತಿರುವಿನಲ್ಲಿ, ಆ ಗಾಡಿ ಬರುತ್ತಿದೆ. ಎರಡು ಸೆಕೆಂಡು ಕಾಣುತ್ತದೆ. ಅಷ್ಟರಲ್ಲಿ ಫೋನು ಹಿಡಿದವಳು ಬೇರೆ ಕಡೆ ತಿರುಗಿಬಿಡುತ್ತಾಳೆ.

“ನಂಬರು ಕನಿಪಿಸ್ತದಾ ಅಮ್ಮಾಯಿ?” ಎಂದು ಚಿಕ್ಕಪ್ಪ ತಮ್ಮ ತೆಲುಗು ಬೆರೆತ ಮಾತಿನಲ್ಲಿ, ನಂಬರು ಕಾಣುತ್ತದೆಯೇ ಎಂದು ನನ್ನನ್ನು ಕೇಳಿದರು. “ಸ್ಟೇಷನ್ನಾಗೆ ಕೊಟ್ಟಿದೀನಿ. ಲ್ಯಾಬಿಗೆ ಕಳಿಸ್ತೀವಿ, ಟೈಮಾಯ್ತದೆ ಅಂದವ್ರೆ. ನೀವು ಸಿನಿಮಾದಾಗೆ ಏನೇನೋ ಮಾಡ್ತೀರಂತಲ್ಲ.”

ಮೇಡಂ ಬೇಡವೆಂದರು. ನಾವು ಇಲ್ಲದ್ದನ್ನು ಇರುವ ಹಾಗೆ ತೋರಿಸುವವರು, ಇಂಥದ್ದಕ್ಕೆಲ್ಲ ಕೈಹಾಕಬಾರದು ಎಂದರು. ಹೊರಗಿನ ವಿಡಿಯೋ ಈ ಕಂಪ್ಯೂಟರಿಗೆ ಹಾಕಕೂಡದೆಂದು ಕೆಲಸ ಕೊಡುವ ಕಂಪನಿಯ ಕರಾರೂ ಇತ್ತು. ಚಿಕ್ಕಪ್ಪ ವಾದಿಸಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗದಲ್ಲಿ ನೆಲದ ಮೇಲೆ ಕೂತರು. ಮಧ್ಯಾಹ್ನದವರೆಗೂ ಎದ್ದೇಳಲಿಲ್ಲ. ಊಟದ ಡಬ್ಬಿ ತೆರೆದ ಮೇಡಂ ಅದನ್ನು ಹಾಗೇ ಮುಚ್ಚಿ, “ಫೋನ್ ಕೊಡಿ ಇಲ್ಲಿ,” ಎಂದರು.

ಅವರು ಮಾಡಿದ ಮೊದಲ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಿಕ್ಕಮ್ಮನ ಮುಖ ಬರುವ ಭಾಗವನ್ನೆಲ್ಲ ಕತ್ತರಿಸಿ, ರಸ್ತೆಯ ತುಂಡು ಮಾತ್ರ ಉಳಿಸಿಕೊಂಡರು. ಯಾಕೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು, “ನೂರ್ ಸಲ ನೋಡ್ಬೇಕಾಯ್ತದೆ ಇದನ್ನ. ನೀನು ಅವ್ರನ್ನ ನೂರ್ ಸಲ ನೋಡ್ಬೇಡ.”

ನಂಬರ್ ಪ್ಲೇಟು ಪರದೆಯ ಮೇಲೆ ಹೆಸರುಕಾಳಿನಷ್ಟಿತ್ತು. ಎರಡು ಸೆಕೆಂಡೆಂದರೆ ಅರವತ್ತು ಫ್ರೇಮು. ಅರವತ್ತರಲ್ಲೂ ಮಸುಕು, ಆದರೆ ಒಂದೊಂದರಲ್ಲಿ ಒಂದೊಂದು ಥರದ ಮಸುಕು. ಆ ಪ್ಲೇಟು ಅಲ್ಲಾಡದಂತೆ ಒಂದೇ ಜಾಗದಲ್ಲಿ ನಿಲ್ಲಿಸಿ, ಅರವತ್ತನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಮಸುಕು ಕಳೆದು ಅಕ್ಷರ ಉಳಿಯಬಹುದು ಎಂಬುದು ಮೇಡಂ ಲೆಕ್ಕ. ಇಷ್ಟು ಸಣ್ಣದಕ್ಕೆ ಜರಡಿ ಒಗ್ಗಲಿಲ್ಲ. ಎರಡು ದಿನ ಕೂತು ಅದನ್ನೇ ತಿದ್ದಿದರು. ಪೆನ್ಸಿಲು, ಚೌಕಳಿ ನೋಟ್‌ಬುಕ್ಕು, ಬಾಯಲ್ಲೊಂದು ಲವಂಗ. ಸಿನಿಮಾ ಕೆಲಸ ಉಳಿದ ನಾವೆಲ್ಲ ಹಂಚಿಕೊಂಡೆವು. ಆದರೆ ನನ್ನ ಕಣ್ಣು ಅವರ ಪರದೆಯ ಮೇಲೇ ಇರುತ್ತಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮೂರನೆಯ ದಿನ ಅಕ್ಷರಗಳು ಮೂಡಿದವು. ಮಂಜಿನಿಂದ ಜನ ನಡೆದು ಬಂದಂತೆ, ಒಂದಾದ ಮೇಲೊಂದು. ಕೊನೆಯ ಅಂಕಿಯೊಂದನ್ನು ಬಿಟ್ಟು ಎಲ್ಲವೂ ಸ್ಪಷ್ಟ. ಆ ಕೊನೆಯ ಅಂಕಿಯ ಎಡಗಡೆಗೆ ಮಣ್ಣು ಮೆತ್ತಿಕೊಂಡಿತ್ತು. ಎಡಗಡೆ ತೆರೆದಿದ್ದರೆ ಅದು ಮೂರು, ಮುಚ್ಚಿದ್ದರೆ ಎಂಟು.

“ಎಂಟು ಮೇಡಂ,” ಎಂದೆ ನಾನು.

“ನಂಗೊತ್ತಾಗ್ತಿಲ್ಲ ಕಣಮ್ಮ.”

“ಎಂಟೇ ಮೇಡಂ, ನೋಡಿ.”

“ನಿಂಗೆ ಎಂಟು ಬೇಕು ಅಂತ ಎಂಟಾಗಲ್ಲ. ಮೂರೋ ಎಂಟೋ ಗೊತ್ತಿಲ್ಲ ಅಂತ ಬರೆದು ಸ್ಟೇಷನ್ನಿಗೆ ಕೊಡೋಣ. ಎರಡೂ ಗಾಡಿ ಅವ್ರು ನೋಡ್ಕಂತಾರೆ.”

ಅವರು ಒಂದು ಪುಟ ಬರೆದು, ಅದರ ಪ್ರತಿ ತೆಗೆಸಲು ಕೆಳಗಿಳಿದು ಹೋದರು. ಉಳಿದ ಹುಡುಗಿಯರು ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ.

ಅವರ ಕುರ್ಚಿಯಲ್ಲಿ ಕೂತು ಸ್ಕ್ರಿಪ್ಟು ತೆರೆದೆ. ಜಾರಿದ ಗುರುತುಗಳನ್ನು ಕಿತ್ತುಹಾಕುವ ಭಾಗವನ್ನು ಅಳಿಸಿದೆ. ಕನ್ನಡದ ಆ ಸಾಲೂ ಅದರ ಜೊತೆಗೇ ಹೋಯಿತು. ಎಸೆದ ಗುರುತುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಓಡಿಸಿದೆ. ಗೆರೆಗಳು ದಪ್ಪವಾದವು. ಕೊನೆಯ ಅಂಕಿಯ ಎಡಭಾಗ ಮುಚ್ಚಿಕೊಂಡಿತು. ಎಂಟು. ಅಲ್ಲಿ ಬೇರೇನೂ ಇರಲು ಸಾಧ್ಯವೇ ಇಲ್ಲ ಎನ್ನುವಂಥ ಎಂಟು.

ಜಾರಿದ ಗುರುತುಗಳು ಸೇರಿದರೆ ಚಿತ್ರ ಪಕ್ಕಕ್ಕೆ ಬಳಿದುಕೊಳ್ಳುತ್ತದೆ, ತೆರೆದಿದ್ದದ್ದು ಮುಚ್ಚಿದಂತೆ ಕಾಣುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಎರಡು ವರ್ಷ ಅದನ್ನೇ ಕಲಿತಿದ್ದೆ. ಗೊತ್ತಿತ್ತು. ಆ ಹೊತ್ತಿನಲ್ಲಿ... ಗೊತ್ತಿರುವುದು ಬೇಕಾಗಿರಲಿಲ್ಲ.

ಅಳಿಸಿದ್ದನ್ನು ಇದ್ದಂತೆಯೇ ಮತ್ತೆ ಹಾಕಿ, ಕುರ್ಚಿ ಬಿಟ್ಟು ಎದ್ದೆ. ಚಿಕ್ಕಪ್ಪ ಕೆಳಗೆ, ಇಸ್ತ್ರಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ನಾನು ಮೆಟ್ಟಿಲಿಳಿದು ಹೋಗಿ ಪೂರ್ತಿ ನಂಬರು ಹೇಳಿದೆ. ಕೊನೆಯದು ಎಂಟು ಎಂದು ಎರಡು ಸಲ ಹೇಳಿದೆ. ಅವರು ಫೋನಿನಲ್ಲಿ ಒತ್ತಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟು, “ನೀ ಚಿಕ್ಕಮ್ಮನ ಋಣ ತೀರಿಸಿದೆ ತಲ್ಲೀ,” ಎಂದು ಅತ್ತರು. ನಾನೂ ಅತ್ತೆ. ಮೇಡಂ ಪ್ರತಿ ತೆಗೆಸಿಕೊಂಡು ಬರುವಷ್ಟರಲ್ಲಿ ಅವರು ಪಾವಗಡದ ಬಸ್ಸು ಹತ್ತಿಯಾಗಿತ್ತು.

ನಂಬರು ಹಾಕಿದರೆ ಗಾಡಿ ಯಾರದು, ಯಾವ ಊರಿನದು ಎಂದು ಫೋನೇ ಹೇಳುತ್ತದೆ. ಎಂಟರ ಗಾಡಿ ಶಿರಾದ್ದು. ಅದನ್ನು ಓಡಿಸುತ್ತಿದ್ದವನು ಶಾಮಿಯಾನದ ಕುರ್ಚಿ, ಪಾತ್ರೆ ಸಾಗಿಸುತ್ತಿದ್ದ, ನಲವತ್ತರ ಆಸುಪಾಸಿನ ಡ್ರೈವರು. ಮಾರನೆಯ ದಿನ ಬೆಳಿಗ್ಗೆ ಚಿಕ್ಕಪ್ಪನ ಅಣ್ಣತಮ್ಮಂದಿರು, ಬೀಗರು, ಎಂಟು ಹತ್ತು ಜನ ಒಂದು ವ್ಯಾನಿನಲ್ಲಿ ಹೋಗಿ, ಅವನು ಕುರ್ಚಿ ಇಳಿಸುತ್ತಿದ್ದ ಕಡೆಯೇ ಹಿಡಿದುಕೊಂಡರು. ಹೆಂಗಸನ್ನು ಕೊಂದು ಓಡಿಬಂದವನು ಎಂದು ಅವರು ಕೂಗಿದ್ದಕ್ಕೆ ದಾರಿಹೋಕರೂ ಕೈಹಾಕಿದರಂತೆ. ಅವನದೇ ಕಬ್ಬಿಣದ ಕುರ್ಚಿಯಿಂದ ಅವನಿಗೆ ಹೊಡೆದರಂತೆ. ಬಲಗೈ ಮೊಣಕೈಯ ಹತ್ತಿರ ಎರಡು ಕಡೆ ಮುರಿಯಿತು.

ಚಿಕ್ಕಮ್ಮನಿಗೆ ಗಾಡಿ ಗುದ್ದಿದ ಆ ದಿನ ಅವನು ಶಿರಾ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಒಂದು ಮದುವೆ ಮನೆಗೆ ಇಡೀ ದಿನ ಕುರ್ಚಿ ಸಾಗಿಸುತ್ತಿದ್ದ. ಮದುವೆಯ ವಿಡಿಯೋದಲ್ಲೇ ಅವನಿದ್ದ.

ಮೂರರ ಗಾಡಿ ನಾಲ್ಕನೆಯ ದಿನ ಸಿಕ್ಕಿತು. ಮೇಡಂ ಕೊಟ್ಟ ಒಂದು ಪುಟ ಹಿಡಿದುಕೊಂಡೇ ಪೊಲೀಸರು ಹುಡುಕಿದ್ದರು. ಗ್ಯಾರೇಜೊಂದರಲ್ಲಿ ನೆಗ್ಗಿದ ಮುಂಭಾಗ ತಟ್ಟಿಸಿಕೊಳ್ಳುತ್ತಾ ನಿಂತಿತ್ತಂತೆ. ಅದರ ಚಾಲಕ ಒಪ್ಪಿಕೊಂಡ. ನಾಲ್ಕು ದಿನ. ನಾನು ಬಾಯಿ ಮುಚ್ಚಿಕೊಂಡು ಇರಬೇಕಾಗಿದ್ದದ್ದು ನಾಲ್ಕೇ ದಿನ.

ಡ್ರೈವರಿಗೆ ಹೊಡೆದ ಕೇಸು ಚಿಕ್ಕಪ್ಪನ ಕಡೆಯವರ ಮೇಲೆ ಬಿತ್ತು. ನಂಬರು ಯಾರು ಹೇಳಿದರೆಂದು ಕೇಳಿದ್ದಕ್ಕೆ ಚಿಕ್ಕಪ್ಪ, “ಮಧುಗಿರಿ ಕಂಪ್ಯೂಟರ್ ಆಫೀಸಿನೋರು,” ಎಂದಷ್ಟೇ ಹೇಳಿದರು. ನನ್ನ ಹೆಸರು ಹೇಳಲಿಲ್ಲ. ಮನೆಮಗಳಲ್ಲವೇ. ಹೀಗಾಗಿ ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ನಮ್ಮ ಕೋಣೆಗೆ ಬಂದರು. ಅವರು ಮೆಟ್ಟಿಲು ಹತ್ತುತ್ತಿರುವಾಗಲೇ ಮೇಡಂ ನಮ್ಮ ಕಡೆ ತಿರುಗಿ ಕೇಳಿದರು, “ಯಾರಾದ್ರೂ ಅವ್ರಿಗೆ ಎಂಟು ಅಂದ್ರಾ?”

ಯು.ಪಿ.ಎಸ್. ಒಂದೇ ಸಮನೆ ಕಿರುಗುಟ್ಟುತ್ತಿತ್ತು, ಕರೆಂಟು ಹೋಗಿತ್ತು. ಮೇಡಂ ನನ್ನನ್ನು ನೋಡಿದರು. ಚಿಕ್ಕಪ್ಪ ಯಾರ ನೆಂಟರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಡಂ ಪ್ರತಿ ತೆಗೆಸಲು ಹೋದಾಗ ಒಳಗೆ ಉಳಿದವಳು ಯಾರೆಂದೂ ಗೊತ್ತಿತ್ತು. ಕೇಳುವವರಂತೆ ನೋಡಲಿಲ್ಲ ಅವರು, ಕಾಯುವವರಂತೆ ನೋಡಿದರು. ನಾನು ಕೀಬೋರ್ಡಿನ ಕಡೆ ನೋಡಿದೆ.

ಪೊಲೀಸರು ಒಳಗೆ ಬಂದು ಅದೇ ಪ್ರಶ್ನೆ ಕೇಳಿದರು.

“ನಾನೇ ಹೇಳಿದ್ದು,” ಎಂದರು ಮೇಡಂ. “ಬರೆದುಕೊಟ್ಟಿದ್ದು ಮೂರೋ ಎಂಟೋ ಅಂತ. ಬಾಯಲ್ಲಿ ಎಂಟು ಅಂದ್ಬುಟ್ಟೆ. ತಪ್ಪು ನಂದು.”

ಅವರನ್ನು ನಾಲ್ಕು ಸಲ ಸ್ಟೇಷನ್ನಿಗೆ ಕರೆಸಿದರು. ಕೆಟ್ಟ ಗಂಟಲಿನಲ್ಲಿ ಅಲ್ಲಿ ಎಷ್ಟು ಮಾತಾಡಬೇಕಾಯಿತೋ. ಸುದ್ದಿ ಹೇಗೋ ನಮಗೆ ಕೆಲಸ ಕೊಡುತ್ತಿದ್ದ ಕಂಪನಿಗೂ ಮುಟ್ಟಿತು. ಕರಾರು ಮುರಿದಿದ್ದೀರಿ ಎಂದು ಕೆಲಸ ನಿಲ್ಲಿಸಿದರು. ಎರಡೇ ತಿಂಗಳಲ್ಲಿ ಕೋಣೆ ಖಾಲಿಯಾಯಿತು. ಕಂಪ್ಯೂಟರುಗಳನ್ನು ಇಳಿಸುವ ದಿನ ಹುಡುಗಿಯರೆಲ್ಲ ಅಳುತ್ತಿದ್ದರು. ಅವರಲ್ಲೊಬ್ಬಳು ಮೇಡಂ ಹಾಗೆ ಬಾಯಿ ಬಿಡಬಾರದಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಹೂಂಗುಟ್ಟಿದೆ. ಹೌದು, ಹೂಂಗುಟ್ಟಿದೆ.

ಹೊರಡುವಾಗ ಮೇಡಂ ನನ್ನ ಕೈಗೆ ಪೆನ್‌ಡ್ರೈವ್ ಕೊಟ್ಟರು. “ಜರಡಿ ಐತೆ ಇದ್ರಲ್ಲಿ. ಬ್ಯಾರೆ ಕಡೆ ಕೆಲ್ಸಕ್ಕೆ ಸೇರ್ತೀಯಲ್ಲ, ಇಟ್ಕೊ. ಹೆಂಗೆ ತಿದ್ದೋದು ಅಂತ ನಿಂಗೇ ಚೆನ್ನಾಗಿ ಗೊತ್ತು.”

ಅದು ಚುಚ್ಚುಮಾತೋ ಆಶೀರ್ವಾದವೋ ಇವತ್ತಿಗೂ ನನಗೆ ತಿಳಿದಿಲ್ಲ. ಇಟ್ಟುಕೊಂಡೆ. ಅದನ್ನು ತೋರಿಸಿಯೇ ಬೇರೆ ಸ್ಟುಡಿಯೋದಲ್ಲಿ ಕೆಲಸ ಗಿಟ್ಟಿಸಿದೆ. ಅಲ್ಲಿಂದ ಅದು ಯಾರ್ಯಾರ ಕೈಗೋ ಹೋಯಿತು. ಕೊರೊನಾ ಬಂದಾಗ ಎಲ್ಲರೂ ಮನೆಯಿಂದಲೇ ಮಾಡಿ ಎಂದರು. ಮದುವೆಯಾಗಿ ಕೊರಟಗೆರೆಗೆ ಬಂದವಳು ಇಲ್ಲೇ ಉಳಿದೆ. ಯಾವ ಶಾಟಿನಲ್ಲಾದರೂ ನಂಬರ್ ಪ್ಲೇಟು ಬಂದರೆ ಆ ಕೆಲಸವನ್ನು ಬೇರೆಯವರಿಗೆ ದಾಟಿಸುತ್ತಿದ್ದೆ. ಕಾರಣ ಕೇಳಿದರೆ ಕಣ್ಣು ನೋವು ಎನ್ನುತ್ತಿದ್ದೆ.

ಮೇಡಂ ಆಮೇಲೆ ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಇದ್ದರು. ಒಮ್ಮೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಹೆಗಲಿಗೆ ಬಟ್ಟೆಯ ಚೀಲ, ಅದರ ಬಾಯಲ್ಲಿ ಸ್ಕೇಲು, ಕಂಪಾಸಿನ ಡಬ್ಬಿ ಕಾಣುತ್ತಿತ್ತು. ಎಲ್ಲಿಗೆ ಎಂದು ಕೇಳಿದೆ. ಶಿರಾಕ್ಕೆ ಎಂದರು. ಆ ಡ್ರೈವರ ಕೈ ಕೂಡಿದೆ, ಆದರೆ ಮೊಣಕೈ ಮಡಚಲು ಬರುವುದಿಲ್ಲ, ಗಾಡಿ ಓಡಿಸುವ ಹಾಗಿಲ್ಲ ಎಂದರು. ಬೇರೆಯವರ ಆರೋಗ್ಯ ವಿಚಾರಿಸಿದಷ್ಟೇ ಸಹಜವಾಗಿ.

“ಮೇಡಂ, ಒಂದು ಮಾತು...” ಎಂದೆ.

“ಹೇಳು.”

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಿಂತರು. ಶಿರಾ ಬಸ್ಸು ಬಂತು. ಜನ ನುಗ್ಗಿದರು. ಅವರು ಅಲುಗಾಡಲಿಲ್ಲ. ಕಂಡಕ್ಟರು ಕೂಗಿದ. ಅವರು ಇನ್ನೂ ನನ್ನನ್ನೇ ನೋಡುತ್ತಾ ನಿಂತಿದ್ದರು.

“ಏನೋ ಹೇಳ್ಬೇಕು ಅಂದ್ಯಲ್ಲ?”

“ಏನಿಲ್ಲ ಮೇಡಂ. ಹುಷಾರು ಅಂತ.”

“ಸರಿ ಬುಡು,” ಎಂದು ನಕ್ಕು ಬಸ್ಸು ಹತ್ತಿದರು. ಅವರಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅದೇ. ಗಂಟಲಿನದು ಬರೀ ಸವೆತವಲ್ಲ, ಗಡ್ಡೆ ಎಂದು ತಡವಾಗಿ ಗೊತ್ತಾಯಿತಂತೆ. ಅವರು ತೀರಿಕೊಂಡು ಒಂದು ವಾರವಾದ ಮೇಲೆ ನಮ್ಮ ಹಳೆಯ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಅದಾಗಿ ಎರಡು ವರ್ಷ...

ಹೋದ ವಾರ ಆ ಫೈಲು ಬಂದ ಮಾರನೆಯ ಬೆಳಿಗ್ಗೆ ನಾನು ಶಿರಾಕ್ಕೆ ಹೋದೆ. ಮನೆಯಲ್ಲಿ ಯಾವುದೋ ಸೀರೆ ತರಬೇಕೆಂದು ಸುಳ್ಳು ಹೇಳಿ ಹೊರಟೆ. ಶಾಮಿಯಾನದ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಗೋಡೌನಿನಲ್ಲಿ ಆ ಡ್ರೈವರು ಒಂದರೊಳಗೊಂದು ಪ್ಲಾಸ್ಟಿಕ್ ಕುರ್ಚಿ ಸೇರಿಸಿ ಇಡುತ್ತಿದ್ದರು. ಎಡಗೈ ಕೆಲಸ ಮಾಡುತ್ತಿತ್ತು. ಬಲಗೈ ನೆಟ್ಟಗೆ, ಬಾಗದೆ, ಪಕ್ಕದಲ್ಲಿ ತೂಗುತ್ತಿತ್ತು.

ನಿಂತುಕೊಂಡೇ ಹೇಳಿದೆ. ಮಧುಗಿರಿ ಆಫೀಸಿನವಳು ಎಂದೆ. ಎಂಟು ಎಂದು ಹೇಳಿದ್ದು ಮೇಡಂ ಅಲ್ಲ, ನಾನು ಎಂದೆ. ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೊರಗೆ ಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಅವರು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟರು. ಕೂಗಾಡಬಹುದು ಎಂದುಕೊಂಡೆ. ಕೂಗಾಡಲಿ ಎಂದುಕೊಂಡೆ.

“ಆ ಅಮ್ಮ ಬಂದು ತಪ್ಪು ನಂದು ಅಂದ್ರು,” ಎಂದರು ಅವರು. “ಈಗ ನೀನು ಬಂದು ನಂದು ಅಂತೀಯ. ನನ್ನ್ ಕೈಗೆ ಯಾರಾದ್ರೇನಮ್ಮ?”

ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮುಂದುವರಿಸಿದರು.

“ಮೊದಲ್ನೇ ಸಲ ಬಂದಾಗ ನಮ್ಮನೇಳು ಬೈದು ಕಳಿಸಿದ್ಲು. ಎರಡನೇ ಸಲಾನೂ ಬೈದ್ಲು. ಅವ್ರು ಬರೋದು ನಿಲ್ಲಿಸ್ಲಿಲ್ಲ. ಭಾನುವಾರ ಭಾನುವಾರ ಬಂದು ನನ್ನ್ ಮಗಳಿಗೆ ಲೆಕ್ಕ ಹೇಳಿಕೊಟ್ರು. ದನಿನೇ ಇರ್ಲಿಲ್ಲ, ಪೇಪರ್ ಮ್ಯಾಲೆ ಬರೆದು ಬರೆದು ತೋರಿಸೋರು. ಈಗ ತುಮಕೂರಾಗೆ ಓದ್ತಾವ್ಳೆ.” ನನ್ನ ಕಡೆ ತಿರುಗಿ ಕೇಳಿದರು, “ಅವ್ರಿಗೆ ಹೇಳಿದ್ಯಾ ಇದನ್ನ?”

“ಅವರಿಗೆ ಗೊತ್ತಿತ್ತು.”

“ಗೊತ್ತಿತ್ತಾ ಅಂತ ಕೇಳ್ಲಿಲ್ಲ ಕಣಮ್ಮ. ನೀನು ಹೇಳಿದ್ಯಾ?”

ಇಲ್ಲವೆಂದು ತಲೆಯಾಡಿಸಿದೆ.

“ಹೇಳ್ಬೇಕಿತ್ತು,” ಎಂದರು. “ಅವ್ರು ನಿನ್ ಹೆಸ್ರು ಯಾವತ್ತೂ ಎತ್ಲಿಲ್ಲ. ಆದ್ರೆ ಬಂದಾಗೆಲ್ಲ ಒಂದ್ಸಲ ಕೇಳೋರು, ನಮ್ಮ ಹುಡ್ಗೀರು ಯಾರಾದ್ರೂ ಬಂದಿದ್ರಾ ಅಂತ. ಯಾಕೆ ಕೇಳ್ತಾರೆ ಅಂತ ನಂಗೆ ಇವತ್ತು ಗೊತ್ತಾಯ್ತು.”

ಅಷ್ಟು ಹೇಳಿ ಅವರು ಮತ್ತೆ ಕುರ್ಚಿ ಎತ್ತಿಕೊಂಡರು. ನಾನು ಒಂದು ಕುರ್ಚಿ ಹಿಡಿಯಲು ಕೈ ಚಾಚಿದೆ. ಬೇಡ ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಬರೀ ಬೇಡ ಎಂದರು.

ವಾಪಸ್ಸು ಬರುವಾಗ ಮಧುಗಿರಿ ಬಸ್ಸು ಅರ್ಧಕ್ಕರ್ಧ ಖಾಲಿಯಿತ್ತು. ಕೂತೆ, ಆಗಲಿಲ್ಲ. ಎದ್ದು ಕಂಬಿ ಹಿಡಿದುಕೊಂಡೆ. ಮೇಡಂ ಇದೇ ರಸ್ತೆಯಲ್ಲಿ ಎಷ್ಟು ಭಾನುವಾರ ಹೋಗಿ ಬಂದಿರಬೇಕು, ಪ್ರತಿ ಸಲ ಒಂದೇ ಪ್ರಶ್ನೆ ಹೊತ್ತುಕೊಂಡು ಹೋಗಿ, ಇಲ್ಲವೆಂಬ ಉತ್ತರ ಹೊತ್ತುಕೊಂಡು ಬಂದು... ಅವರ ಮನೆ ನನ್ನ ದಾರಿಯಲ್ಲೇ ಇತ್ತು. ಯಾವತ್ತು ಬೇಕಾದರೂ ಇಳಿಯಬಹುದಿತ್ತು. ಬಾಗಿಲು ತಟ್ಟಿದ್ದರೆ ತೆರೆಯುತ್ತಿದ್ದರು. ಈಗ ಅಲ್ಲಿ ಬೇರೆ ಯಾರೋ ಬಾಡಿಗೆಗಿದ್ದಾರೆ.

“ಕೂತ್ಕಳಮ್ಮ, ಸೀಟೈತಲ್ಲ,” ಎಂದ ಕಂಡಕ್ಟರು.

“ಇಲ್ಲೇ ಮುಂದೆ ಇಳೀತೀನಿ,” ಎಂದೆ. ಮಧುಗಿರಿಗೆ ಇನ್ನೂ ಒಂದು ಗಂಟೆಯ ದಾರಿಯಿತ್ತು.